ರಜೆಯ ದಿನದ ಚುಕ್ಕಿ: ಕುಮಟಾ ಶಾಖೆಯ ಫೀಲ್ಡ್ ಆಫೀಸರ್ ಒಬ್ಬಳ ಲೊಕೇಶನ್ ಪ್ರಕರಣ

ಕುಮಟಾದಲ್ಲಿ ಶಾಖೆ ಇರುವ ಒಂದು ಸಾಲದ ಕಂಪನಿ. ಹೆಂಗಸರ ಗುಂಪುಗಳಿಗೆ ಸಾಲ ಕೊಟ್ಟು ವಾರ ವಾರ ಕಂತು ವಸೂಲಿ ಮಾಡುವುದು ಅದರ ವ್ಯವಹಾರ. ಅಲ್ಲಿ ಫೀಲ್ಡ್ ಆಫೀಸರ್ ಆಗಿ ದುಡಿಯುವ ಹೆಣ್ಣುಮಗಳೊಬ್ಬಳು ಒಂದು ದಿನ ರಜೆ (ಸಿಎಲ್) ಹಾಕಿ ಮಣಿಪಾಲದ ಆಸ್ಪತ್ರೆಗೆ ಹೋಗಿ ಬಂದಳು. ಗಂಡನಿಗೆ ಗೊತ್ತಿತ್ತು. ಹೊನ್ನಾವರದ ಮನೆಯಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ. ಎಂದಿನ ಹಾಗೆ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಟಿದ್ದಳು, ಸಂಜೆ ತುಸು ತಡವಾಗಿ ಬಂದಿದ್ದಳು. ಕೆಲವು ದಿನ ಕಳೆದು ಊರಿನ ಬಂಡಿಹಬ್ಬದಲ್ಲಿ ಅವಳ ಶಾಖೆಯ ಸೂಪರ್‌ವೈಸರ್ ಅತ್ತೆಗೆ ಎದುರಾದ. ಆತ ಗಂಡನ ಮನೆ ಕಡೆಯಿಂದ ದೂರದ ಸಂಬಂಧಿಯೂ ಹೌದು. ಉಭಯಕುಶಲೋಪರಿಯ ನಡುವೆ ಕೇಳಿದ: “ಸೊಸೆಗೆ ಎಂತ ಆಯ್ತು? ಮಣಿಪಾಲಕ್ಕೆ ಹೋಗಿದ್ಲಲ್ಲ.”

ಆ ಪ್ರಶ್ನೆಯ ಹಿಂದೆ ಕೆಟ್ಟ ಉದ್ದೇಶ ಇರಲಿಲ್ಲ ಎಂದೇ ನಾನು ನಂಬಿದ್ದೇನೆ. ನಮ್ಮ ಕಡೆ ಹಬ್ಬದಲ್ಲಿ ಸಿಕ್ಕವರು ಆರೋಗ್ಯ ವಿಚಾರಿಸದೆ ಹೋದರೆ ಅದೇ ತಪ್ಪು. ಆದರೆ ‘ಮಣಿಪಾಲ’ ಎಂಬ ಹೆಸರು ನಮ್ಮ ಜಿಲ್ಲೆಯಲ್ಲಿ ಬರೀ ಊರಿನ ಹೆಸರಾಗಿ ಉಳಿದಿಲ್ಲ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಜನ ಬೀದಿಗಿಳಿದು, ಫೇಸ್‌ಬುಕ್ಕಿನಲ್ಲಿ ಕೂಗಿ ವರ್ಷಗಳಾದವು. ದೊಡ್ಡ ಕಾಯಿಲೆ ಅಂದರೆ ನಮಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ. ನೆಗಡಿ ಜ್ವರಕ್ಕೆ ಯಾರೂ ಹೆದ್ದಾರಿಯಲ್ಲಿ ಮೂರು ತಾಸು ಕೂತು ಹೋಗುವುದಿಲ್ಲ. ಬೆಂಗಳೂರಿನಲ್ಲಿ ಒಬ್ಬರ ಫೋನ್ ಇರುವ ಜಾಗವನ್ನು ನಕ್ಷೆಯ ಮೇಲೆ ತೋರಿಸುವ ಚುಕ್ಕಿ ಆಸ್ಪತ್ರೆಯ ರಸ್ತೆಯಲ್ಲಿ ಎರಡು ತಾಸು ನಿಂತರೆ ಪಕ್ಕದ ಬಟ್ಟೆ ಅಂಗಡಿಗೆ ಹೋಗಿದ್ದರು ಅನ್ನಬಹುದು. ಭಟ್ಕಳ, ಬೈಂದೂರು ದಾಟಿ ದಕ್ಷಿಣಕ್ಕೆ ಸರಿದ ಚುಕ್ಕಿ ಮಣಿಪಾಲದಲ್ಲಿ ಅರ್ಧ ದಿನ ನಿಂತು ವಾಪಸು ಬಂತೆಂದರೆ, ಇಲ್ಲಿಯವರಿಗೆ ಅದು ಅರ್ಧ ವೈದ್ಯಕೀಯ ವರದಿ.

ಅವಳು ಯಾಕೆ ಹೋಗಿದ್ದಳು ಎಂದು ನಾನು ಬರೆಯುವುದಿಲ್ಲ. ನನಗೆ ಹೇಳಿದ್ದಾಳೆ, ಓದುವವರಿಗೆ ಅದರ ಅಗತ್ಯ ಇಲ್ಲ. ಹೆಸರು, ಕಂಪನಿ ಎರಡನ್ನೂ ಬಿಟ್ಟಿದ್ದೇನೆ, ಗುರುತು ಹತ್ತಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ನಾನು ಕರಾವಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವ, ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಬರೆಯಲು ಒಪ್ಪಿಗೆ ಕೊಟ್ಟವಳು ಅವಳೇ. ಬರೆದದ್ದನ್ನು ಓದಿ, ಎರಡು ಕಡೆ ತೆಗೆಸಿದ್ದಾಳೆ.

ಯಾರು ಹೇಳಿದ್ದು?

ಮೊದಲು ಅನುಮಾನ ಬಿದ್ದದ್ದು ಗಂಡನ ಮೇಲೆ. ಗೊತ್ತಿದ್ದವನು ಅವನೊಬ್ಬನೇ ಅಲ್ಲವೇ. ಅವನು ಆಣೆ ಇಟ್ಟರೂ ಅವಳು ನಂಬಲಿಲ್ಲ. ಆಮೇಲೆ ಬಸ್ಸಿನಲ್ಲಿ ಕಂಡ ಪರಿಚಯದ ಮುಖಗಳ ಲೆಕ್ಕ ಶುರುವಾಯಿತು. ಭಟ್ಕಳದಲ್ಲಿ ಹತ್ತಿದ ಹೆಂಗಸು ಯಾರು? ಔಷಧಿ ಅಂಗಡಿ ಎದುರು ನಿಂತವನು ನಮ್ಮೂರಿನವನಾ? ಎರಡು ವಾರ ಗಂಡ ಹೆಂಡತಿ ನಡುವೆ ಮಾತು ನಿಂತಿತು. ಅತ್ತ ಅತ್ತೆಗೆ ಬೇರೆಯದೇ ಸಂಕಟ: ಸೊಸೆ ತನ್ನಿಂದ ಏನೋ ಮುಚ್ಚಿಟ್ಟಿದ್ದಾಳೆ, ಊರವರಿಗೆ ಗೊತ್ತಿದೆ, ತನಗೆ ಗೊತ್ತಿಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಎರಡು ವಾರ. ಸಣ್ಣ ಊರಿನಲ್ಲಿ ಖಾಸಗಿತನ ಎಂಬುದು ಯಾವಾಗ ಇತ್ತು, ಎಲ್ಲರಿಗೂ ಎಲ್ಲರದೂ ಗೊತ್ತು ಎಂದು ಹೇಳುವವರಿದ್ದಾರೆ. ನಿಜ, ನಮ್ಮಲ್ಲಿ ಜಗುಲಿಯ ಮೇಲೆ ಕೂತವರಿಗೆ ದಾರಿಯಲ್ಲಿ ಹೋದವರೆಲ್ಲ ಕಾಣುತ್ತಾರೆ. ಆದರೆ ಜಗುಲಿಯಲ್ಲಿ ಕೂತವರು ನಮಗೂ ಕಾಣುತ್ತಾರೆ. ಅವರು ನೋಡಿದ್ದು ನಮಗೆ ಗೊತ್ತಿರುತ್ತದೆ, “ಹೀಗೇ ಪೇಟೆಗೆ” ಎಂದು ಉತ್ತರ ಕೊಟ್ಟು ಮುಂದೆ ಹೋಗಬಹುದು, ಬೇಡವೆಂದರೆ ಹಿತ್ತಿಲ ದಾರಿ ಹಿಡಿಯಬಹುದು. ಅವಳನ್ನು ನೋಡಿದ ಕಣ್ಣು ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಾಗಾಗಿ ಕಣ್ಣಿದ್ದವರೆಲ್ಲರ ಮೇಲೂ ಅವಳಿಗೆ ಗುಮಾನಿ ಬಂತು, ಗಂಡನಿಂದ ಹಿಡಿದು.

ಉತ್ತರ ಸಿಕ್ಕಿದ್ದು ಶಾಖೆಯಲ್ಲಿ. ತಿಂಗಳ ಕೊನೆಯ ಲೆಕ್ಕ ಒಪ್ಪಿಸುವಾಗ ಸೂಪರ್‌ವೈಸರ್‌ನ ಲ್ಯಾಪ್‌ಟಾಪ್ ತೆರೆದಿತ್ತು. ನಕ್ಷೆಯ ಮೇಲೆ ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಬಣ್ಣದ ಗೆರೆ, ನಿಂತ ಜಾಗದಲ್ಲಿ ಚುಕ್ಕಿ, ಚುಕ್ಕಿಯ ಪಕ್ಕ ಎಷ್ಟು ನಿಮಿಷ ನಿಂತರೆಂಬ ಅಂಕಿ. ದಿನಾಂಕ ಬದಲಿಸಿದರೆ ಹಿಂದಿನ ಯಾವ ದಿನವೂ ತೆರೆದುಕೊಳ್ಳುತ್ತದೆ. ರಜೆಯ ದಿನವೂ.

ಫೋನಿನೊಳಗೆ ಕಂಡದ್ದು

ಫೋನ್ ತೆಗೆದುಕೊಂಡು ನನ್ನ ಹತ್ತಿರ ಬಂದಳು. ಫೋನ್ ಅವಳದೇ, ಕಂತಿನಲ್ಲಿ ತೆಗೆದುಕೊಂಡದ್ದು. ಕೆಲಸಕ್ಕೆ ಸೇರಿದ ದಿನ ಅದರಲ್ಲಿ ಕಂಪನಿಯ ಹಾಜರಾತಿ ಆ್ಯಪ್ ಹಾಕಿಸಿದ್ದರು. ಬೆಳಿಗ್ಗೆ ಸೆಲ್ಫಿ ತೆಗೆದು ‘ಚೆಕ್ ಇನ್’, ಸಂಜೆ ‘ಚೆಕ್ ಔಟ್’. ಚೆಕ್ ಔಟ್ ಒತ್ತಿದ ಮೇಲೆ ಆ್ಯಪ್ ಮಲಗುತ್ತದೆ ಎಂದು ಅವಳು ತಿಳಿದಿದ್ದಳು. ಹಾಗೆ ತಿಳಿಯುವುದು ಸಹಜ, ಆ ಗುಂಡಿಯ ಹೆಸರೇ ಹಾಗಿದೆ.

ಆಂಡ್ರಾಯ್ಡ್ 12ರಿಂದ ಈಚಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಗೌಪ್ಯತೆಯ ಡ್ಯಾಶ್‌ಬೋರ್ಡ್ ಎಂಬ ಪುಟ ಇದೆ. ಯಾವ ಆ್ಯಪ್ ಎಷ್ಟು ಹೊತ್ತಿಗೆ ಲೊಕೇಶನ್, ಕ್ಯಾಮೆರಾ, ಮೈಕ್ ಮುಟ್ಟಿತು ಎಂಬ ದಿನಚರಿ ಅಲ್ಲಿ ಸಿಗುತ್ತದೆ. ಲೊಕೇಶನ್ ಒತ್ತಿದೆವು. ಹಾಜರಾತಿ ಆ್ಯಪ್‌ನ ಹೆಸರು ಒಂದರ ಕೆಳಗೊಂದು ಸಾಲುಗಟ್ಟಿತ್ತು. ಸಂಜೆ ಏಳು, ಏಳೂಕಾಲು, ಏಳೂವರೆ. ರಾತ್ರಿ ಹನ್ನೊಂದು. ನಸುಕಿನ ಮೂರು. ಅವಳು ಬೆರಳಿನಿಂದ ಪುಟ ಸರಿಸುತ್ತ ಹೋದಳು. ಕೊನೆಗೆ, “ಸರ್, ಮೂರು ಗಂಟೆಗೆ ಇದಕ್ಕೆ ಎಂತ ಬೇಕು?” ಎಂದಳು.

ಅನುಮತಿಯ ಪುಟ ತೆರೆದರೆ ‘ಎಲ್ಲಾ ಸಮಯದಲ್ಲೂ ಅನುಮತಿಸಿ’ ಎಂಬಲ್ಲಿ ಗುರುತು ಬಿದ್ದಿತ್ತು. ಇದು ಮುಖ್ಯ. ಆಂಡ್ರಾಯ್ಡ್ 11ರಿಂದ ಈಚೆಗೆ ಆ್ಯಪ್ ತೆರೆದಾಗ ಎದ್ದು ಬರುವ ಪೆಟ್ಟಿಗೆಯಲ್ಲಿ ಈ ಆಯ್ಕೆಯೇ ಇರುವುದಿಲ್ಲ. ಬಳಸುವಾಗ ಮಾತ್ರ, ಈ ಬಾರಿ ಮಾತ್ರ, ಬೇಡ ಎಂದಷ್ಟೇ ಕೇಳುತ್ತದೆ. ಸದಾಕಾಲದ ಅನುಮತಿ ಕೊಡಲು ಸೆಟ್ಟಿಂಗ್ಸ್ ಒಳಗೆ ಹೋಗಿ ಕೈಯಾರೆ ಬದಲಿಸಬೇಕು. ಬಳಸುವವರು ಒಂದು ಗಳಿಗೆ ನಿಂತು ಯೋಚಿಸಲಿ ಎಂದೇ ಹಾಗೆ ಮಾಡಿದ್ದಾರೆ. ಅವಳು ಆ ಪುಟವನ್ನು ಎಂದೂ ನೋಡಿರಲಿಲ್ಲ. ಸೇರಿದ ದಿನ ಶಾಖೆಯಲ್ಲಿ ಒಬ್ಬರು “ಫೋನ್ ಕೊಡಿ, ಸೆಟ್ ಮಾಡಿ ಕೊಡ್ತೇನೆ” ಎಂದು ತೆಗೆದುಕೊಂಡಿದ್ದರು. ಎಲ್ಲರದ್ದನ್ನೂ ಹಾಗೇ ಮಾಡಿದ್ದರು. ನಡುನಡುವೆ ಫೋನ್ ತಾನಾಗಿ, ಈ ಆ್ಯಪ್ ಹಿನ್ನೆಲೆಯಲ್ಲಿ ನಿಮ್ಮ ಸ್ಥಳ ಪಡೆಯುತ್ತಿದೆ ಎಂದು ನೆನಪಿಸಿದ್ದೂ ಉಂಟಂತೆ. ಅದು ಬಂದರೆ ಸರಿಸಿಬಿಡಿ, ಏನೂ ಒತ್ತಬೇಡಿ ಎಂದು ಮೊದಲೇ ಹೇಳಿಟ್ಟಿದ್ದರು. ಒಪ್ಪಿಗೆ ಕೇಳಲು ಫೋನು ಇಟ್ಟ ಎರಡೂ ಮೆಟ್ಟಿಲುಗಳನ್ನು ಬೇರೆಯವರ ಕೈ ದಾಟಿಸಿತ್ತು. ಒಪ್ಪಿಗೆ ಕೊಟ್ಟಿದ್ದೀರಲ್ಲ ಎಂದು ಆಮೇಲೆ ಅವಳನ್ನೇ ಕೇಳಿದರು.

ಲೊಕೇಶನ್ ಆಫ್ ಮಾಡಬಹುದಿತ್ತಲ್ಲ? ಮಾಡಿದರೆ ಸೂಪರ್‌ವೈಸರ್‌ಗೆ ಎಚ್ಚರಿಕೆ ಹೋಗುತ್ತದೆ, ಕೆಲಸದ ಹೊತ್ತಿನಲ್ಲಾದರೆ ಅರ್ಧ ದಿನ ಗೈರು. ಬ್ಯಾಟರಿ ಉಳಿತಾಯದ ಪಟ್ಟಿಯಿಂದಲೂ ಆ್ಯಪ್ ಹೊರಗಿತ್ತು, ಅಂದರೆ ಫೋನ್ ಅದನ್ನು ತಾನಾಗಿ ಮಲಗಿಸುವಂತಿಲ್ಲ. ಮಧ್ಯಾಹ್ನಕ್ಕೇ ಚಾರ್ಜು ಮುಗಿಯುತ್ತದೆಂದು ಅವಳು ಪವರ್‌ಬ್ಯಾಂಕ್ ಕೊಂಡಿದ್ದಳು, ಸ್ವಂತ ದುಡ್ಡಿನಲ್ಲಿ.

ಅದೇ ಪುಟದಲ್ಲಿ ಹವಾಮಾನದ ಆ್ಯಪ್, ಫೋಟೊ ಚಂದ ಮಾಡುವ ಆ್ಯಪ್, ಯಾವುದೋ ಆಟ ಕೂಡ ಲೊಕೇಶನ್ ಮುಟ್ಟಿದ್ದು ಕಂಡಿತು. ಅವನ್ನು ಅಲ್ಲೇ ತೆಗೆದುಹಾಕಿದೆವು. ಅವುಗಳ ಕಥೆ ಬೇರೆ, ಜಾಹೀರಾತಿನ ಪೇಟೆಯದು. ಆ ಪೇಟೆಯಲ್ಲಿ ಆಸ್ಪತ್ರೆಗೆ ಹೋಗಿಬಂದವರ ಚುಕ್ಕಿಗೂ ಬೆಲೆ ಇದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2024ರ ಜನವರಿಯಲ್ಲಿ ಎಕ್ಸ್-ಮೋಡ್ ಎಂಬ ಲೊಕೇಶನ್ ದಲ್ಲಾಳಿ ಕಂಪನಿಯ ಮೇಲೆ ಆದೇಶ ಹೊರಡಿಸಿ, ಆಸ್ಪತ್ರೆಯಂಥ ಸೂಕ್ಷ್ಮ ಸ್ಥಳಗಳ ಮಾಹಿತಿ ಮಾರುವುದನ್ನು ತಡೆಯಬೇಕಾಯಿತು. ಆದರೂ ನನ್ನ ವಿದ್ಯಾರ್ಥಿನಿಯನ್ನು ನೋಯಿಸಿದ್ದು ಕಡಲಾಚೆಯ ದಲ್ಲಾಳಿ ಅಲ್ಲ. ಹಬ್ಬದಲ್ಲಿ ಸಿಗುವ, ಮನೆಯವರ ಗುರುತಿರುವ, ಸಂಬಳದ ಚೀಟಿಗೆ ಸಹಿ ಹಾಕುವ ಮನುಷ್ಯ. ದೂರದ ಕಂಪನಿಗೆ ಅವಳು ಒಂದು ಅಂಕಿ. ಆ ಗೆರೆ ಯಾವ ಮನೆಯಿಂದ ಹೊರಟಿತು, ಯಾಕೆ ಅಲ್ಲಿ ನಿಂತಿತು ಎಂದು ಅರ್ಥ ಹಚ್ಚಬಲ್ಲವರು ಹತ್ತಿರದವರು ಮಾತ್ರ.

ಅಘನಾಶಿನಿಯಲ್ಲಿ ನಿಂತ ಚುಕ್ಕಿ

ನಕ್ಷೆಯಲ್ಲಿ ಹಳೆಯ ದಿನಗಳನ್ನು ನೋಡುತ್ತ ಹೋದಾಗ ಇನ್ನೊಂದು ಸಂಗತಿ ಹೊರಬಿತ್ತು. ಅಘನಾಶಿನಿ ಊರಿನಲ್ಲಿ ಅವಳ ಒಂದು ಗುಂಪು ಇದೆ. ಅಲ್ಲಿನ ಹೆಂಗಸರಲ್ಲಿ ಹಲವರು ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸುವವರು. ನೀರು ಇಳಿದಾಗ ಹೋಗುತ್ತಾರೆ, ಏರತೊಡಗಿದಾಗ ಬರುತ್ತಾರೆ. ಇಳಿತದ ಹೊತ್ತು ದಿನದಿನಕ್ಕೆ ಮುಂದೆ ಹೋಗುತ್ತದೆ, ಕಂಪನಿಯ ವೇಳಾಪಟ್ಟಿ ಹೋಗುವುದಿಲ್ಲ. ಹನ್ನೊಂದಕ್ಕೆ ಮೀಟಿಂಗ್ ಎಂದಿದ್ದರೂ ಕೆಲವು ವಾರ ಅವರು ಬುಟ್ಟಿ ಹೊತ್ತು ಬರುವಾಗ ಹನ್ನೆರಡೂವರೆ. ಅವಳು ಅಲ್ಲೇ ದೇವಸ್ಥಾನದ ಕಟ್ಟೆಯಲ್ಲಿ ಕೂತು ಕಾಯುತ್ತಾಳೆ, ಬಂದ ಮೇಲೆ ಕೈಕಾಲು ತೊಳೆದುಕೊಂಡು ಅವರು ಕಂತು ಕೊಡುತ್ತಾರೆ. ಅವಳ ಗುಂಪುಗಳಲ್ಲಿ ಕಂತು ತಪ್ಪದ ಗುಂಪು ಅದೇ. ನಕ್ಷೆಯಲ್ಲಿ ಆ ಒಂದೂವರೆ ತಾಸು ಕೆಂಪಾಗಿ ಕಾಣುತ್ತದೆ: ‘ನಿಷ್ಕ್ರಿಯ’.

ಇನ್ನೂ ವಿಚಿತ್ರದ್ದು, ಕೆಲವು ದಿನ ಚುಕ್ಕಿ ಹೊಳೆ ದಾಟಿ ತದಡಿಯಲ್ಲಿ ನಿಂತಿತ್ತು. ಅಘನಾಶಿನಿ ಊರು ಹೊಳೆಯ ಈಚೆ ದಡ, ತದಡಿ ಆಚೆ ದಡ. ನಡುವೆ ದೋಣಿ ಇದೆ, ರಸ್ತೆಯಲ್ಲಿ ಹೋಗುವುದಾದರೆ ದೊಡ್ಡ ಸುತ್ತು. ಕೆಲಸದ ಹೊತ್ತಿನಲ್ಲಿ ದೋಣಿ ಹತ್ತಿ ಗೋಕರ್ಣಕ್ಕೆ ಹೋಗಿದ್ದೀಯಾ ಎಂದು ಅವಳಿಗೆ ಎರಡು ಸಲ ಮೆಮೊ ಬಂದಿತ್ತು. ಅವಳು ಹೋಗಿರಲಿಲ್ಲ. ನಕ್ಷೆಯೇ ಹೇಳುತ್ತಿದೆಯಲ್ಲ ಎಂಬುದಕ್ಕೆ ಉತ್ತರ ತಿಳಿಯದೆ ಸುಮ್ಮನಾಗಿದ್ದಳು.

ಫೋನು ತಾನಿರುವ ಜಾಗವನ್ನು ಮೂರು ದಾರಿಯಲ್ಲಿ ಕಂಡುಕೊಳ್ಳುತ್ತದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಮಯದ ಸಂಕೇತ ಬಿತ್ತರಿಸುತ್ತವೆ. ಫೋನ್ ಅದನ್ನು ಕೇಳಿಸಿಕೊಂಡು ಲೆಕ್ಕ ಹಾಕುತ್ತದೆ. ಬಯಲಿನಲ್ಲಿ ಕೆಲವೇ ಮೀಟರ್ ಆಚೀಚೆ. ಎರಡನೆಯದು ಸುತ್ತಲಿನ ವೈಫೈ, ಹಳ್ಳಿಯಲ್ಲಿ ಅದು ವಿರಳ. ಮೂರನೆಯದು ಮೊಬೈಲ್ ಟವರ್. ಹೆಂಚಿನ ಮಾಡಿನ ಕೆಳಗೆ, ಬ್ಯಾಗಿನೊಳಗೆ ಫೋನ್ ಇದ್ದು ಉಪಗ್ರಹ ಸಿಗದಿದ್ದರೆ ಟವರ್‌ನಿಂದಲೇ ಅಂದಾಜು. ನೀರಿನ ಮೇಲೆ ಸಂಕೇತಕ್ಕೆ ಅಡ್ಡಿ ಕಡಿಮೆ, ಹಾಗಾಗಿ ಈ ದಡದ ಫೋನನ್ನು ಆ ದಡದ ಟವರ್ ಹಿಡಿಯುವುದು ಅಳಿವೆಯ ಊರುಗಳಲ್ಲಿ ಮಾಮೂಲು. ಆಗ ಅಂದಾಜು ನೂರಾರು ಮೀಟರ್, ಕೆಲವೊಮ್ಮೆ ಕಿಲೋಮೀಟರ್‌ಗಟ್ಟಲೆ ತಪ್ಪುತ್ತದೆ.

ಫೋನಿಗೆ ಇದು ಗೊತ್ತಿರುತ್ತದೆ. ಪ್ರತಿ ಸಲ ಸ್ಥಳ ಹೇಳುವಾಗ ಅದರ ಜೊತೆಗೆ ನಿಖರತೆ ಇಷ್ಟು ಮೀಟರ್ ಎಂದೂ ಹೇಳುತ್ತದೆ. ಮ್ಯಾಪಿನಲ್ಲಿ ನೀಲಿ ಚುಕ್ಕಿಯ ಸುತ್ತ ಮಸುಕಾದ ವೃತ್ತ ಕಾಣುತ್ತದಲ್ಲ, ಅದೇ ಇದು. ಆಂಡ್ರಾಯ್ಡ್‌ನ ವ್ಯಾಖ್ಯಾನದ ಪ್ರಕಾರ ನೀವು ನಿಜವಾಗಿ ಆ ವೃತ್ತದೊಳಗೆ ಇರುವ ಸಂಭವ ಶೇ. 68. ಅಂದರೆ ಮೂರರಲ್ಲಿ ಒಂದು ಸಲ ಅದರ ಹೊರಗೂ ಇರಬಹುದು ಎಂದು ಫೋನೇ ಒಪ್ಪಿಕೊಂಡಿದೆ. ಕಂಪನಿಯ ಪರದೆಯಲ್ಲಿ ವೃತ್ತ ಇರಲಿಲ್ಲ. ಬರೀ ಚುಕ್ಕಿ ಇತ್ತು. ಫೋನು “ಸುಮಾರಾಗಿ ಇಲ್ಲೆಲ್ಲೋ” ಎಂದದ್ದು ಸೂಪರ್‌ವೈಸರ್‌ನ ಮೇಜಿಗೆ ಬರುವಷ್ಟರಲ್ಲಿ “ತದಡಿಯಲ್ಲಿದ್ದಳು” ಎಂದಾಗಿತ್ತು. ಅವಳ ಮಾತಿಗಿಂತ ಆ ಚುಕ್ಕಿಗೆ ಹೆಚ್ಚು ಬೆಲೆ ಬಂದಿತ್ತು. ಮೆಮೊ ಎರಡೂ ಅವಳ ಕಡತದಲ್ಲಿ ಇವತ್ತಿಗೂ ಇವೆ.

ಶಿರಸಿ ಕಡೆ ಹೋಗುವ ಅವಳ ಸಹೋದ್ಯೋಗಿಯದು ಇನ್ನೊಂದು ಗೋಳು. ಕಂಪನಿ ಪೆಟ್ರೋಲ್ ದುಡ್ಡನ್ನು ಕೊಡುವುದು ಆ್ಯಪ್ ತೋರಿಸಿದ ಕಿಲೋಮೀಟರ್ ಮೇಲೆ. ಕುಮಟಾದಿಂದ ದೇವಿಮನೆ ಘಾಟಿ ಹತ್ತುವಾಗ ಕಾಡು, ಕಣಿವೆ, ತಿರುವು. ನೆಟ್‌ವರ್ಕ್ ಇಲ್ಲ, ಮರದ ಕೆಳಗೆ ಉಪಗ್ರಹವೂ ಸರಿಯಾಗಿ ಸಿಗುವುದಿಲ್ಲ. ಘಾಟಿಯ ಕೆಳಗೊಂದು ಚುಕ್ಕಿ, ಮೇಲೊಂದು ಚುಕ್ಕಿ ದಾಖಲಾಗುತ್ತದೆ. ಆ್ಯಪ್ ಅವೆರಡನ್ನು ನೇರ ಗೆರೆಯಲ್ಲಿ ಸೇರಿಸಿ ದೂರ ಅಳೆಯುತ್ತದೆ. ತಿರುವುಗಳಲ್ಲಿ ಸುಟ್ಟ ಪೆಟ್ರೋಲು ಆ ಹುಡುಗನ ಜೇಬಿನದು.

ಈ ಗೆರೆಗಳಲ್ಲಿ ಸಾಲ ಪಡೆದ ಮನೆಗಳೂ ಇವೆ ಎಂಬುದನ್ನು ಯಾರೂ ಎತ್ತುವುದಿಲ್ಲ. ಗುಂಪಿನ ಮೀಟಿಂಗ್ ಬಿಟ್ಟು ಒಂದು ಮನೆಯ ಮುಂದೆ ಚುಕ್ಕಿ ಮತ್ತೆ ಮತ್ತೆ ನಿಂತರೆ ಅಲ್ಲಿ ಕಂತು ಬಾಕಿ ಇದೆ ಎಂದರ್ಥ. ವಸೂಲಿಯ ಕಿರುಕುಳ ಮಿತಿಮೀರಿತೆಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾದ ರಾಜ್ಯ ಇದು. ಆ ಮನೆಯವರು ಯಾವ ಆ್ಯಪ್‌ಗೂ ಒಪ್ಪಿಗೆ ಕೊಟ್ಟಿಲ್ಲ. ಸಾಲಗಾರರ ನಕ್ಷೆಯೊಂದು ಅವಳ ಸ್ಕೂಟಿಯ ಹಿಂದೆಯೇ ತಯಾರಾಗುತ್ತಿದೆ.

‘ನಿಮ್ಮ ಸುರಕ್ಷತೆಗೇ’

ಪ್ರಶ್ನೆ ಎತ್ತಿದಾಗ ಶಾಖೆಯಿಂದ ಬಂದ ಮೊದಲ ಉತ್ತರ: ಶಿರೂರು ಮರೆತಿರಾ?

ಮರೆಯುವುದಾದರೂ ಹೇಗೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಅಲ್ಲಿ ನಿಂತಿದ್ದ ಜೀವಗಳನ್ನೂ ಗಂಗಾವಳಿ ಹೊಳೆಗೆ ತಳ್ಳಿತು. ಕೇರಳದ ಲಾರಿ ಚಾಲಕರೊಬ್ಬರನ್ನು ಅವರ ಮನೆಯವರು ಹುಡುಕಿಕೊಂಡು ಬಂದದ್ದು ಲಾರಿಯ ಜಿಪಿಎಸ್ ಕೊನೆಯದಾಗಿ ತೋರಿಸಿದ ಜಾಗ ಹಿಡಿದೇ. ಆ ಚುಕ್ಕಿ ಇಲ್ಲದಿದ್ದರೆ ಅವರು ಅಲ್ಲಿದ್ದರು ಎಂಬುದೇ ಎಷ್ಟೋ ದಿನ ಗೊತ್ತಾಗುತ್ತಿರಲಿಲ್ಲವೇನೋ. ಲಾರಿ ಮಾತ್ರ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಹೊಳೆಯ ತಳದಲ್ಲಿ. ಲೊಕೇಶನ್ ಜೀವ ಉಳಿಸಬಲ್ಲದು, ಕಡೇಪಕ್ಷ ಕಾಯುವವರಿಗೆ ಒಂದು ಉತ್ತರ ಕೊಡಬಲ್ಲದು. ಅದನ್ನು ಅಲ್ಲಗಳೆಯುವ ಮಾತೇ ಇಲ್ಲ. ನಮ್ಮ ಮೀನುಗಾರರಿಗೂ ಅದು ಗೊತ್ತು. ದೋಣಿ ಎಲ್ಲಿದೆ ಎಂದು ಉಪಗ್ರಹದ ಮೂಲಕ ತಿಳಿಸುವ, ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ದೇಶದ ಒಂದು ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಾಗ ಕರಾವಳಿಯಲ್ಲಿ ಅದನ್ನು ಬೇಡ ಎಂದವರನ್ನು ನಾನು ಕಾಣೆ.

ಆದರೆ ಟ್ರಾನ್ಸ್‌ಪಾಂಡರ್ ಇರುವುದು ದೋಣಿಯಲ್ಲಿ. ಬಂದರಿಗೆ ಬಂದು ದೋಣಿ ಕಟ್ಟಿ ಮನೆಗೆ ಹೊರಟ ಮೀನುಗಾರನ ಹಿಂದೆ ಅದು ಬರುವುದಿಲ್ಲ. ಅವನು ಆ ಸಂಜೆ ಯಾರ ಮನೆಗೆ ಹೋದ, ಯಾವ ಡಾಕ್ಟರನ್ನು ಕಂಡ ಎಂಬುದು ಅದರ ಲೆಕ್ಕಕ್ಕೆ ಸಿಗದು. ಆಪತ್ತಿನಲ್ಲಿ ಬೇಕಾಗುವುದು ಕೊನೆಯ ಒಂದು ಚುಕ್ಕಿ. ಕಳೆದ ವರ್ಷದ ಎಲ್ಲ ಚುಕ್ಕಿಗಳನ್ನು ಕೂಡಿಟ್ಟುಕೊಳ್ಳಲು ಯಾವ ಗುಡ್ಡ ಕುಸಿತವೂ ಕಾರಣ ಆಗಲಾರದು. ರಜೆಯ ದಿನ ಅವಳು ಬೈಂದೂರಿನ ಹತ್ತಿರ ಅಪಘಾತಕ್ಕೆ ಸಿಕ್ಕಿದ್ದರೆ ಕಂಪನಿ ಗಾಡಿ ಕಳಿಸುತ್ತಿತ್ತೇ ಎಂದು ನಾನು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ಚುಕ್ಕಿಗಳು ಏನು ಬಿಟ್ಟುಕೊಡುತ್ತವೆ ಎಂದು ನೌಕಾನೆಲೆ ಇರುವ ಕಾರವಾರದ ಜನಕ್ಕೆ ಹೇಳಿಕೊಡಬೇಕಿಲ್ಲ. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ತನ್ನ ಬಳಕೆದಾರರ ಓಟದ ಗೆರೆಗಳನ್ನು ಹೆಸರಿಲ್ಲದೆ ಒಟ್ಟುಗೂಡಿಸಿ ಪ್ರಕಟಿಸಿದ ಜಗತ್ತಿನ ನಕ್ಷೆಯಲ್ಲಿ ಮರುಭೂಮಿಯ ನಡುವಿನ ಸೇನಾ ನೆಲೆಗಳ ಹಾದಿಗಳು ಮಿನುಗಿದ್ದನ್ನು 2018ರ ಜನವರಿಯಲ್ಲಿ ಜನ ಗುರುತಿಸಿದರು. 2019ರ ಡಿಸೆಂಬರ್‌ನಲ್ಲಿ ನೌಕಾಪಡೆ, ಬೇಹುಗಾರಿಕೆಯ ಪ್ರಕರಣದಲ್ಲಿ ಏಳು ನಾವಿಕರ ಬಂಧನ ಆದ ಮೇಲೆ, ತನ್ನ ನೆಲೆಗಳಲ್ಲಿ ಹಾಗೂ ಹಡಗುಗಳಲ್ಲಿ ಸ್ಮಾರ್ಟ್‌ಫೋನನ್ನೇ ನಿಷೇಧಿಸಿತು. ಅರಗಾದ ಕದಂಬ ನೌಕಾನೆಲೆಯ ಗೋಡೆಯ ಪಕ್ಕದ ಹೆದ್ದಾರಿಯಲ್ಲಿ ಅವಳೂ ಕಾರವಾರದ ಮೀಟಿಂಗಿಗೆ ಹೋಗುತ್ತಾಳೆ. ಗೋಡೆಯ ಒಳಗಿನವರ ಫೋನಿನ ಅಪಾಯ ಸರ್ಕಾರಕ್ಕೆ ತಿಳಿದಿದೆ. ಹೊರಗಿನವಳ ಫೋನಿನ ಬಗ್ಗೆ ಕೇಳಿದವರಿಲ್ಲ.

ಕಾನೂನು ಎಲ್ಲಿ ನಿಂತಿದೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಲೊಕೇಶನ್ ಬಗ್ಗೆಯೇ ಇನ್ನೂ ನೇರವಾದ ತೀರ್ಪು 2024ರ ಜುಲೈ 8ರದು. ಮಾದಕ ವಸ್ತು ಪ್ರಕರಣದ ಆರೋಪಿಯೊಬ್ಬ ಜಾಮೀನಿನ ಮೇಲೆ ಹೊರಗಿರುವಾಗ ಗೂಗಲ್ ಮ್ಯಾಪ್‌ನಲ್ಲಿ ಪಿನ್ ಹಾಕಿ ತನಿಖಾಧಿಕಾರಿಗೆ ತನ್ನ ಜಾಗ ತೋರಿಸುತ್ತಿರಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಆರೋಪಿಯ ಪ್ರತಿ ಚಲನವಲನವನ್ನು ಪೊಲೀಸರು ಸದಾ ಕಾಣುವಂತಾದರೆ ಅದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂಬುದು ಅದರ ತಾತ್ಪರ್ಯ. ಜಾಮೀನಿನ ಮೇಲಿರುವ ಆರೋಪಿಗೆ ಹಾಕಬಾರದ ಷರತ್ತು, ಯಾವ ತಪ್ಪೂ ಮಾಡದೆ ತಿಂಗಳ ಸಂಬಳಕ್ಕೆ ದುಡಿಯುವವಳಿಗೆ ನಿತ್ಯದ ನಿಯಮವಾಗಿದೆ.

ಆದರೆ ಆ ತೀರ್ಪುಗಳ ಬಲ ಹೆಚ್ಚಾಗಿ ಸರ್ಕಾರದ ಮೇಲೆ. ಖಾಸಗಿ ಕಂಪನಿಗೆ ಬಂದಾಗ ನೆಲ ಜಾರುತ್ತದೆ. ಐಟಿ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ಸೂಕ್ಷ್ಮ ಮಾಹಿತಿ ಯಾವುದೆಂದು ಪಟ್ಟಿ ಮಾಡಿವೆ: ಪಾಸ್‌ವರ್ಡ್, ಹಣಕಾಸು, ಆರೋಗ್ಯ ಸ್ಥಿತಿ, ಲೈಂಗಿಕ ಒಲವು, ವೈದ್ಯಕೀಯ ದಾಖಲೆ, ಬಯೋಮೆಟ್ರಿಕ್. ಲೊಕೇಶನ್ ಅದರಲ್ಲಿಲ್ಲ. ಅವಳ ಆಸ್ಪತ್ರೆಯ ಚೀಟಿ ಸೂಕ್ಷ್ಮ. ಅವಳು ಆಸ್ಪತ್ರೆಯಲ್ಲಿ ಅರ್ಧ ದಿನ ಇದ್ದಳೆಂಬ ಚುಕ್ಕಿ ಸೂಕ್ಷ್ಮವಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಬಗ್ಗೆ ಒಳ್ಳೆಯ ಮಾತು ಆಡುತ್ತದೆ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಅದನ್ನು ಓದಿದಾಗ ಅವಳ ಮುಖ ಅರಳಿತು. ಮುಂದಿನ 7ನೇ ಸೆಕ್ಷನ್‌ನಲ್ಲಿ ಉದ್ಯೋಗದ ಉದ್ದೇಶಕ್ಕೆ ಹಾಗೂ ಉದ್ಯೋಗದಾತನನ್ನು ನಷ್ಟದಿಂದ ಕಾಪಾಡುವುದಕ್ಕೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಬಹುದು ಎಂದಿದೆ. ಹಾಗೆ ಬಳಸಿದ್ದಕ್ಕೆ, ಒಪ್ಪಿಗೆ ಕೊಟ್ಟವರಿಗೆ ಸಿಗುವ ‘ನನ್ನ ಮಾಹಿತಿ ತೋರಿಸಿ, ಅಳಿಸಿ’ ಎಂದು ಕೇಳುವ ಹಕ್ಕೂ ಸರಿಯಾಗಿ ತಾಗುವುದಿಲ್ಲ. ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಆದರೂ ನನ್ನ ತಿಳಿವಳಿಕೆ ಇಷ್ಟು: ರಜೆಯ ದಿನ ಮಣಿಪಾಲಕ್ಕೆ ಹೋಗುವುದು ಯಾವ ಅರ್ಥದಲ್ಲೂ ಉದ್ಯೋಗದ ಉದ್ದೇಶವಲ್ಲ. ನಸುಕಿನ ಮೂರು ಗಂಟೆಯೂ ಅಲ್ಲ.

ಪತ್ರ

ಇದನ್ನೇ ಹಿಡಿದು ಅವಳು ಪತ್ರ ಬರೆದಳು. ನಾನು ತಾಂತ್ರಿಕ ಭಾಗ ತಿದ್ದಿಕೊಟ್ಟೆ. ಚೆಕ್ ಔಟ್ ಆದ ಮೇಲೆ ಮತ್ತು ರಜೆಯ ದಿನ ಆ್ಯಪ್ ಲೊಕೇಶನ್ ಪಡೆಯಬಾರದು. ಚುಕ್ಕಿಯ ಜೊತೆ ನಿಖರತೆಯ ವೃತ್ತವನ್ನೂ ತೋರಿಸಬೇಕು, ವೃತ್ತ ದೊಡ್ಡದಿದ್ದ ದಿನ ಮೆಮೊ ಕೊಡಬಾರದು. ನಕ್ಷೆ ಯಾರು ತೆರೆದರು ಎಂಬ ದಾಖಲೆ ಇರಬೇಕು. ಹಳೆಯ ದಾಖಲೆ ಇಂತಿಷ್ಟು ದಿನದ ಮೇಲೆ ಅಳಿಯಬೇಕು. ಸೂಪರ್‌ವೈಸರ್ ಮೇಲೆ ಕ್ರಮ ಕೈಗೊಳ್ಳಿ ಎಂದು ಬರೆಯುವುದು ಬೇಡ ಎಂದವಳು ಅವಳೇ. “ಅವರ ಬದಲು ಬೇರೆಯವರು ಬಂದರೂ ಲ್ಯಾಪ್‌ಟಾಪ್ ಅದೇ ಅಲ್ವಾ ಸರ್.”

ಸಹಿ ಹಾಕಲು ಎಲ್ಲರೂ ಮುಂದೆ ಬರಲಿಲ್ಲ. ದೇವಿಮನೆ ಘಾಟಿಯ ಹುಡುಗನೂ ಹಿಂದೆ ಸರಿದ. ಟ್ರ್ಯಾಕಿಂಗ್ ನಿಂತರೆ ಈಗ ಸಿಗುವ ಪೆಟ್ರೋಲ್ ದುಡ್ಡೂ ಹೋದೀತು ಎಂಬ ಹೆದರಿಕೆ. ಆ ಹೆದರಿಕೆಯನ್ನು ನಾನು ಸಣ್ಣದೆನ್ನಲಾರೆ. ಕೊನೆಗೆ ಮೂವರ ಸಹಿಯೊಂದಿಗೆ ಪತ್ರ ಹುಬ್ಬಳ್ಳಿಯ ವಲಯ ಕಚೇರಿಗೆ ಹೋಯಿತು.

ಒಂದು ತಿಂಗಳೊಳಗೆ ಆ್ಯಪ್ ಬದಲಾಯಿತು. ಈಗ ಕುಮಟಾ ಶಾಖೆಯಲ್ಲಿ ಚೆಕ್ ಔಟ್ ಒತ್ತಿದ ಮೇಲೆ ಲೊಕೇಶನ್ ನಿಲ್ಲುತ್ತದೆ. ಡ್ಯಾಶ್‌ಬೋರ್ಡ್ ತೆರೆದು ನೋಡಿದೆವು, ನಿಜಕ್ಕೂ ನಿಂತಿದೆ. ಲಿಖಿತವಾಗಿ ಏನೂ ಬರಲಿಲ್ಲ, ಬೇರೆ ಶಾಖೆಗಳಲ್ಲಿ ಹೇಗೆ ಎಂದು ಗೊತ್ತಿಲ್ಲ. ವೃತ್ತದ ಮಾತು, ಮೆಮೊದ ಮಾತು ಯಾರೂ ಎತ್ತಲಿಲ್ಲ. ಹಳೆಯ ದಾಖಲೆಯ ಬಗ್ಗೆ ಮಾತ್ರ ಫೋನಿನಲ್ಲಿ ಒಂದು ಉತ್ತರ ಸಿಕ್ಕಿತು: ಹೆಸರು ತೆಗೆದು ವಿಶ್ಲೇಷಣೆಗೆ ಇಟ್ಟುಕೊಳ್ಳುತ್ತೇವೆ, ಚಿಂತೆ ಬೇಡ.

ಹೆಸರು ತೆಗೆದರೆ ಏನೂ ಆಗುವುದಿಲ್ಲ ಎಂಬುದು ಸುಳ್ಳು ಭರವಸೆ. ಯುರೋಪಿನ ಒಂದು ದೇಶದ ಹದಿನೈದು ಲಕ್ಷ ಜನರ ಹದಿನೈದು ತಿಂಗಳ ಮೊಬೈಲ್ ದಾಖಲೆಗಳನ್ನು ನೋಡಿದ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ: ಯಾವ ಹೊತ್ತಿಗೆ ಯಾವ ಟವರ್ ಬಳಿ ಎಂಬ ನಾಲ್ಕೇ ನಾಲ್ಕು ಬಿಂದು ಗೊತ್ತಿದ್ದರೆ ಶೇ. 95 ಜನರನ್ನು ಗುಂಪಿನಿಂದ ಬೇರ್ಪಡಿಸಿ ಗುರುತಿಸಬಹುದು. ಇಲ್ಲಿ ನಾಲ್ಕೂ ಬೇಕಿಲ್ಲ. ರಾತ್ರಿ ಹೊನ್ನಾವರದ ಒಂದು ಕೇರಿಯಲ್ಲಿ ನಿಂತು, ಬೆಳಿಗ್ಗೆ ಕುಮಟಾ ಶಾಖೆಗೆ ಬಂದು, ವಾರಕ್ಕೊಮ್ಮೆ ಅಘನಾಶಿನಿಯ ದೇವಸ್ಥಾನದ ಕಟ್ಟೆಯ ಬಳಿ ಕಾಯುವ ಚುಕ್ಕಿ ಈ ಭೂಮಿಯ ಮೇಲೆ ಒಂದೇ ಇದೆ.

ಮನೆಯಲ್ಲಿ ಏನಾಯಿತು? ಅವಳು ಅತ್ತೆಗೆ ಹೇಳಿದಳು. ಹೇಳಬೇಕಾಗಿ ಬಂತು. ಅತ್ತೆ ಬೈಯಲಿಲ್ಲ, ಮುಂದಿನ ಸಲ ತಾನೂ ಜೊತೆಗೆ ಬರುತ್ತೇನೆಂದರು. ಕೇಳಿದವರೆಲ್ಲ, ಹಾಗಾದರೆ ಒಳ್ಳೆಯದೇ ಆಯಿತಲ್ಲ ಎನ್ನುತ್ತಾರೆ. ಅವಳು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಎರಡನೇ ವರದಿ ಕೈಗೆ ಬಂದ ಮೇಲೆ, ತಾನೇ ಅತ್ತೆಯ ಪಕ್ಕ ಕೂತು, ತನ್ನ ಮಾತಿನಲ್ಲಿ ಹೇಳಬೇಕು ಎಂದು ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಸುದ್ದಿ ಯಾರಿಗೆ, ಯಾವಾಗ, ಎಷ್ಟು ಎಂದು ತೀರ್ಮಾನಿಸುವ ಆ ಹಕ್ಕು ಬಂಡಿಹಬ್ಬದ ಗದ್ದಲದಲ್ಲಿ ಕೈಬಿಟ್ಟು ಹೋಯಿತು. ಮುಚ್ಚಿಡುವಂಥದ್ದು ಏನಿದೆ ಎಂದು ಕೇಳುವವರಿಗೆ ಇದು ಅರ್ಥವಾಗಬೇಕು ಎಂಬ ಆಸೆಯಿಂದಲೇ ಇಷ್ಟು ಬರೆದೆ.

ಈಗ ಕಂಪನಿಯ ಆ್ಯಪ್ ಒಂದು ಹಳೆಯ ಸೆಕೆಂಡ್ ಹ್ಯಾಂಡ್ ಫೋನಿನಲ್ಲಿದೆ. ಸಂಜೆ ಅದನ್ನು ಶಾಖೆಯ ಡ್ರಾವರ್‌ನಲ್ಲಿಟ್ಟು ಅವಳು ಮನೆಗೆ ಹೋಗುತ್ತಾಳೆ. ಆ ಫೋನಿಗೂ ದುಡ್ಡು ಕೊಟ್ಟದ್ದು ಅವಳೇ. ಎರಡನೇ ಪತ್ರ ತಯಾರಾಗಿದೆ: ಸೇರಿದ ದಿನದಿಂದ ಆ್ಯಪ್ ಬದಲಾದ ದಿನದವರೆಗಿನ ಕೆಲಸದ ಹೊತ್ತಿನಾಚೆಯ ಎಲ್ಲ ದಾಖಲೆ ಅಳಿಸಿ, ಅಳಿಸಿದ್ದೇವೆಂದು ಲಿಖಿತವಾಗಿ ತಿಳಿಸಿ, ಎರಡು ಮೆಮೊ ವಾಪಸು ಪಡೆಯಿರಿ, ಘಾಟಿಯ ದೂರವನ್ನು ರಸ್ತೆಯ ಅಳತೆಯಲ್ಲಿ ಲೆಕ್ಕ ಹಾಕಿ. ಕೊನೆಯ ಬೇಡಿಕೆಯನ್ನು ಸೇರಿಸಿದ ಮೇಲೆ ದೇವಿಮನೆ ಘಾಟಿಯ ಹುಡುಗನೂ ಸಹಿ ಹಾಕಿದ್ದಾನೆ.